ಆ್ಯಪ್ ಹೇಳಿದ ಹದಿನಾಲ್ಕನೇ ದಿನ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



"ಮಕ್ಕಳಾಗಲು ಸಹಜ ವಿಧಾನ ಒಳ್ಳೆಯದೋ, ಆಸ್ಪತ್ರೆಯ ಚಿಕಿತ್ಸೆಯೋ, ಇದರ ಮೇಲೆ ಇಪ್ಪತ್ತು ನಿಮಿಷ ಮಾತಾಡು" ಅಂತ ನಮ್ಮ ವೇದಿಕೆಯ ಅಕ್ಕ ಫೋನ್ ಮಾಡಿದಾಗ, "ಅಕ್ಕಾ, ನಾನು ಡಾಕ್ಟರ್ ಅಲ್ಲ, ಎಂಟೆಕ್" ಅಂದೆ. "ಅದಕ್ಕೇ ಕರೀತಿರೋದು. ಹೋದ ವರ್ಷ ಡಾಕ್ಟರೇ ಬಂದಿದ್ದರು, ಯಾರೂ ಒಂದೂ ಪ್ರಶ್ನೆ ಕೇಳಲಿಲ್ಲ" ಅಂದರು. ಹಾಗಾಗಿ ನಿಮ್ಮ ಮುಂದೆ ನಿಂತಿದ್ದೇನೆ. ನಾನು ಹೇಳುವುದರಲ್ಲಿ ಔಷಧಿಯ ವಿಷಯ ಬಂದರೆ ಅದನ್ನು ನಿಮ್ಮ ಡಾಕ್ಟರ ಹತ್ತಿರ ಮತ್ತೊಮ್ಮೆ ಕೇಳಿಕೊಳ್ಳಿ. ಉಳಿದದ್ದು ನನ್ನದೇ ಕಥೆ, ಅದಕ್ಕೆ ನಾನೇ ಜವಾಬ್ದಾರಿ.

ಇಲ್ಲಿ ಪುಣೆಯ ಹಿಂಜವಡಿಯಲ್ಲಿ ನನ್ನ ಕೆಲಸ ಏನೆಂದರೆ, ರಾತ್ರಿ ಸರ್ವರ್ ಬಿದ್ದರೆ ಅದು ಯಾಕೆ ಬಿತ್ತು ಅಂತ ಲಾಗ್ ಓದಿ ಹೇಳುವುದು. ಹನ್ನೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಆದರೆ ನನ್ನದೇ ಮೈಯ ಲಾಗ್ ಓದುವುದಕ್ಕೆ ಕಲಿತಾಗ ನನಗೆ ಮೂವತ್ತೆರಡು. ನಮ್ಮ ಅವ್ವ ಕಾಲನಿರ್ಣಯದಲ್ಲಿ ತಿಂಗಳಿಗೊಮ್ಮೆ ಪೆನ್ಸಿಲ್ಲಿನಿಂದ ಒಂದು ಸಣ್ಣ ಚುಕ್ಕೆ ಇಡುತ್ತಿದ್ದಳು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಅವುಗಳ ನಡುವೆ ಆ ಚುಕ್ಕೆ. ಅದೇನು ಅಂತ ಕೇಳಿದರೆ ಹೇಳುತ್ತಿರಲಿಲ್ಲ. ನಮಗೆ ಸಿಕ್ಕ ಶಿಕ್ಷಣ ಅಷ್ಟೇ.

ಇಪ್ಪತ್ತೈದನೇ ವಯಸ್ಸಿನಲ್ಲಿ ನನಗೆ ಪಿಸಿಓಎಸ್ ಅಂದರು. ಎರಡು ತಿಂಗಳಿಗೊಮ್ಮೆ, ಕೆಲವು ಸಲ ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತಿತ್ತು. ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ಇಪ್ಪತ್ತೊಂದು ದಿನ ಮಾತ್ರೆ, ಏಳು ದಿನ ಬಿಡುವು. ಗಡಿಯಾರ ಇಟ್ಟ ಹಾಗೆ ಇಪ್ಪತ್ತೆಂಟು ದಿನಕ್ಕೆ ಬರತೊಡಗಿತು. ಸಮಸ್ಯೆ ಮುಗಿಯಿತು ಅಂದುಕೊಂಡೆ. ಮಾತ್ರೆ ನಿಲ್ಲಿಸಿದಾಗ ಬರುವುದು ಹಾರ್ಮೋನು ತಟ್ಟನೆ ಕಡಿಮೆಯಾದದ್ದರಿಂದ ಆಗುವ ರಕ್ತಸ್ರಾವ, ಆ ತಿಂಗಳು ಅಂಡಾಶಯದಿಂದ ಅಂಡ ಬಿಡುಗಡೆಯೇ ಆಗಿರುವುದಿಲ್ಲ ಎಂದು ನನಗೆ ಯಾರೂ ಹೇಳಲಿಲ್ಲ. ಮಾತ್ರೆಯನ್ನು ಬಯ್ಯುವುದಕ್ಕೆ ಇದನ್ನು ಹೇಳುತ್ತಿಲ್ಲ. ತಿಂಗಳುಗಟ್ಟಲೆ ಮುಟ್ಟು ಬರದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ, ಮುಂದೆ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಅದನ್ನು ಮಾತ್ರೆ ತಡೆಯುತ್ತದೆ. ಸೋರುವ ಮನೆಗೆ ತಾಡಪತ್ರಿ ಹೊದಿಸಿದ ಹಾಗೆ. ಮಳೆಗಾಲದಲ್ಲಿ ತಾಡಪತ್ರಿ ಬೇಕೇ ಬೇಕು. ಆದರೆ ಹೆಂಚು ಸರಿಯಾಯಿತು ಅಂತ ಮನೆಯವರು ತಿಳಿದುಕೊಂಡರೆ ಅದು ತಪ್ಪು. ನನ್ನ ದೂರು ಇಷ್ಟೇ: ಇದು ತಾಡಪತ್ರಿ ಅಂತ ಒಂದು ಮಾತು ಹೇಳಬಹುದಿತ್ತು.

ಮೂವತ್ತಕ್ಕೆ, ಮಗು ಬೇಕು ಅನಿಸಿದಾಗ, ಡಾಕ್ಟರಿಗೆ ತಿಳಿಸಿ ಮಾತ್ರೆ ಬಿಟ್ಟೆ. ಫೋನಿನಲ್ಲಿ ಒಂದು ಆ್ಯಪ್ ಇತ್ತು. ಅದಕ್ಕೆ ನನ್ನ ವರ್ಷಗಳ ದಾಖಲೆ ಗೊತ್ತಿತ್ತು. ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೆಂಟು. ಎಲ್ಲವೂ ಮಾತ್ರೆಯ ಚಕ್ರ, ಒಂದೂ ನನ್ನದಲ್ಲ. ಆ್ಯಪ್ ಪಾಪ ಸರಾಸರಿ ತೆಗೆದು, ಹದಿನಾಲ್ಕನೇ ದಿನ ಒಂದು ಹೂವಿನ ಚಿತ್ರ ತೋರಿಸುತ್ತಿತ್ತು. ತಿಂಗಳುಗಟ್ಟಲೆ ನಾವಿಬ್ಬರೂ ಆ ಹೂವನ್ನು ನಂಬಿ, ಆಫೀಸಿನ ಕೆಲಸ ಹೊಂದಿಸಿಕೊಂಡು, ಅವರು ಒಮ್ಮೆ ಚೆನ್ನೈ ಪ್ರಯಾಣವನ್ನೇ ರದ್ದು ಮಾಡಿಕೊಂಡು... ಇರಲಿ, ನಗಬೇಡಿ. ತಪ್ಪು ಡೇಟಾ ಕೊಟ್ಟರೆ ತಪ್ಪು ಉತ್ತರ ಬರುತ್ತದೆ ಅಂತ ಹೊಸ ಹುಡುಗರಿಗೆ ಪಾಠ ಮಾಡುವವಳು ನಾನು. ನನಗೇ ಹೊಳೆಯಲಿಲ್ಲ.

ವರ್ಷ ಕಳೆದ ಮೇಲೆ ಆಸ್ಪತ್ರೆಗೆ ಹೋದೆವು. ಹೆಸರು ಬೇಡ. ಇಪ್ಪತ್ತೊಂದನೇ ದಿನ ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಬರೆದರು. ಕಡಿಮೆ ಬಂತು. "ಅಂಡೋತ್ಪತ್ತಿಯೇ ಆಗುತ್ತಿಲ್ಲ" ಅಂತ ಹೇಳಿ ಅಂಡ ಬೆಳೆಸುವ ಮಾತ್ರೆ ಶುರು ಮಾಡಿದರು. ಐದು ತಿಂಗಳು ತೆಗೆದುಕೊಂಡೆ. ತಲೆನೋವು, ಸಿಟ್ಟು, ರಾತ್ರಿ ಬೆವರು. ಯಾವತ್ತೂ ಸ್ಕ್ಯಾನ್ ಮಾಡಿ ಅಂಡ ಬೆಳೆದಿದೆಯೇ ಅಂತ ನೋಡಲಿಲ್ಲ. ಐದನೇ ತಿಂಗಳ ಕೊನೆಗೆ ನಾನು ಹೋಗುವುದನ್ನೇ ನಿಲ್ಲಿಸಿದೆ.

ಈಗ ಸಹಜ ವಿಧಾನದ ಮಾತಿಗೆ ಬರುತ್ತೇನೆ. ಬಹಳ ಜನ ಇದೆಂದರೆ ಬೇರು, ಪುಡಿ, ಕಷಾಯ ಅಂದುಕೊಂಡಿದ್ದಾರೆ. ಅಲ್ಲ. ವಾಟ್ಸಾಪಿನಲ್ಲಿ ಬರುವ, ಒಳಗೇನಿದೆ ಎಂದು ಡಬ್ಬಿಯ ಮೇಲೆ ಬರೆಯದ ಪುಡಿಗಳನ್ನು ದಯವಿಟ್ಟು ಮುಟ್ಟಬೇಡಿ. ನಾನು ಹೇಳುತ್ತಿರುವುದು ಮೈಯನ್ನು ಗಮನಿಸಿ ಬರೆದಿಡುವ ವಿಧಾನ. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂಡ ಹೊರಬರುತ್ತದೆ ಅನ್ನುವುದನ್ನು 1920ರ ದಶಕದಲ್ಲಿ ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ಕಂಡುಹಿಡಿದರು. ಗಮನಿಸಿ, "ಮುಂದಿನ ಮುಟ್ಟಿಗೆ ಮೊದಲು". ಹಿಂದಿನ ಮುಟ್ಟಾದ ಹದಿನಾಲ್ಕನೇ ದಿನ ಅಲ್ಲ. ಇಪ್ಪತ್ತೆಂಟು ದಿನದ ಚಕ್ರದಲ್ಲಿ ಮಾತ್ರ ಎರಡೂ ಒಂದೇ. ನನ್ನಂಥವರಿಗೆ ಅಲ್ಲೇ ಎಡವಟ್ಟಾಗುವುದು.

ಈ ಲೆಕ್ಕಕ್ಕೂ ನಮ್ಮ ಕರ್ನಾಟಕಕ್ಕೂ ಒಂದು ಹಳೆಯ ನಂಟಿದೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ಆಮೇಲೆ 1951ರಲ್ಲಿ, ರಾಜಕುಮಾರಿ ಅಮೃತ ಕೌರ್ ಆರೋಗ್ಯ ಸಚಿವೆಯಾಗಿದ್ದಾಗ, ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಬಂದರು. ಮಾತ್ರೆ, ಸಾಧನ ಏನೂ ಬೇಡ, ದಿನಗಳ ಲೆಕ್ಕದಿಂದಲೇ ಹೆರಿಗೆಗಳ ನಡುವೆ ಅಂತರ ಇಡುವುದನ್ನು ಕಲಿಸೋಣ ಎಂಬ ಯೋಜನೆ. ಪ್ರಯೋಗಕ್ಕೆ ಆರಿಸಿದ ಜಾಗಗಳಲ್ಲಿ ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ರೇಷ್ಮೆಗೂಡಿನ ರಾಮನಗರ, ಮುಂದೆ 'ಶೋಲೆ' ಚಿತ್ರೀಕರಣವಾದ ಅದೇ ರಾಮನಗರ. ಓದು ಬಾರದ ಹೆಂಗಸರಿಗಾಗಿ ಸ್ಟೋನ್ ಬಣ್ಣಬಣ್ಣದ ಮಣಿಸರ ಮಾಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಕೆಂಪು ಮಣಿ ಬಂದರೆ ಗರ್ಭ ನಿಲ್ಲುವ ದಿನ, ಹಸಿರು ಬಂದರೆ ಅಲ್ಲ.

ಅಂದುಕೊಂಡಷ್ಟು ಫಲ ಸಿಗಲಿಲ್ಲ. ಮೈ ಮಣಿಸರದ ಹಾಗೆ ಎಣಿಸಿ ನಡೆಯುವುದಿಲ್ಲ. ಅಲ್ಲದೆ ಕೆಂಪು ಮಣಿಯ ದಿನ "ಇವತ್ತು ಬೇಡ" ಅನ್ನುವ ಮಾತು ಎಷ್ಟು ಮನೆಗಳಲ್ಲಿ ನಡೆಯುತ್ತಿತ್ತು? ಇದನ್ನು ಓದಿದ ದಿನ ನನಗೆ ನಗು ಬಂತು, ಆಮೇಲೆ ನಗು ನಿಂತಿತು. ನನ್ನ ಫೋನಿನಲ್ಲಿದ್ದದ್ದೂ ಅದೇ ಮಣಿಸರ, ಹೂವಿನ ಚಿತ್ರ ಹಾಕಿದ್ದು ಅಷ್ಟೇ ವ್ಯತ್ಯಾಸ. ಅಂದಹಾಗೆ ಮಣಿಸರ ಮತ್ತೆ ಬಂದಿದೆ. ಮೂವತ್ತೆರಡು ಮಣಿಗಳ ಹೊಸ ಸರಕ್ಕೆ ನಮ್ಮ ದೇಶದಲ್ಲಿ 'ಮಾಲಾ ಚಕ್ರ' ಅನ್ನುತ್ತಾರೆ. ಅದು ಇಪ್ಪತ್ತಾರರಿಂದ ಮೂವತ್ತೆರಡು ದಿನದ ಚಕ್ರ ಇರುವವರಿಗೆ ಮಾತ್ರ. ಪಿಸಿಓಎಸ್ ಇರುವವರು ಗರ್ಭ ತಡೆಯಲು ಅದನ್ನು ನಂಬಬಾರದು.

ಲೆಕ್ಕ ಹಾಕುವುದಕ್ಕಿಂತ ನೋಡುವುದು ವಾಸಿ. 1950ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಜಾನ್ ಬಿಲ್ಲಿಂಗ್ಸ್, ಅವರ ಹೆಂಡತಿ ಎವೆಲಿನ್ ಬಿಲ್ಲಿಂಗ್ಸ್, ಇಬ್ಬರೂ ವೈದ್ಯರು, ಗರ್ಭಕೋಶದ ಬಾಯಿಯಿಂದ ಬರುವ ಲೋಳೆಯನ್ನು ಗಮನಿಸುವ ವಿಧಾನ ರೂಪಿಸಿದರು. ಕೆಲವು ದಿನ ಒಣ, ಆಮೇಲೆ ಅಂಟಂಟು, ಅಂಡ ಹೊರಬರುವ ದಿನ ಹತ್ತಿರವಾದಾಗ ಮೊಟ್ಟೆಯ ಬಿಳಿಯ ಹಾಗೆ ತೆಳ್ಳಗೆ, ಜಾರುವಂತೆ, ಎಳೆದರೆ ನೂಲಿನಂತೆ. ಆ ಲೋಳೆಯಲ್ಲಿ ವೀರ್ಯಾಣು ಐದು ದಿನದವರೆಗೂ ಬದುಕಬಲ್ಲದು. ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ. ಆದ್ದರಿಂದ ಗರ್ಭ ನಿಲ್ಲುವ ಅವಕಾಶ ಒಂದು ಚಕ್ರದಲ್ಲಿ ಸುಮಾರು ಆರೇ ದಿನ, ಅಂಡ ಹೊರಬರುವ ದಿನಕ್ಕೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ಒಂದೇ ಹೆಸರು, "ಬಿಳಿ ಹೋಗೋದು". ಹುಡುಗಿ ಸೊರಗುತ್ತಾಳೆ, ಶಕ್ತಿ ಹೋಗುತ್ತದೆ ಅಂತ ಮೆಂತ್ಯೆ ನೆನೆಸಿ ಕುಡಿಸುವುದು. ನಾನೂ ಹದಿನೆಂಟರಲ್ಲಿ ಕುಡಿದಿದ್ದೇನೆ. ತುರಿಕೆ, ಕೆಟ್ಟ ವಾಸನೆ, ಹಳದಿ ಅಥವಾ ಹಸಿರು ಬಣ್ಣ ಇದ್ದರೆ ಸೋಂಕು, ಡಾಕ್ಟರ ಹತ್ತಿರ ಹೋಗಲೇಬೇಕು. ಇಲ್ಲದಿದ್ದರೆ ಅದು ರೋಗವಲ್ಲ, ಮೈ ಕೊಡುವ ಸೂಚನೆ.

ಇದರ ಜೊತೆ ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲು, ಜ್ವರಮಾಪಕದಿಂದ ಮೈಯ ಉಷ್ಣತೆ ಬರೆದಿಡುವುದು. ಅಂಡ ಹೊರಬಂದ ಮೇಲೆ ಅದು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ, ಮುಟ್ಟು ಬರುವವರೆಗೆ ಹಾಗೇ ಇರುತ್ತದೆ. ಲೋಳೆ ಮುಂಚೆ ಹೇಳುತ್ತದೆ, ಉಷ್ಣತೆ ಆಮೇಲೆ ಖಚಿತಪಡಿಸುತ್ತದೆ. ಅಂಗಡಿಯಲ್ಲಿ ಸಿಗುವ ಅಂಡೋತ್ಪತ್ತಿಯ ಪಟ್ಟಿಯೂ ಇದೆ. ಆದರೆ ಪಿಸಿಓಎಸ್‌ನಲ್ಲಿ ಎಲ್‌ಎಚ್ ಹಾರ್ಮೋನು ಸುಮ್ಮನೆಯೂ ಹೆಚ್ಚಿರಬಹುದು, ಪಟ್ಟಿ ಸುಳ್ಳು ಹೇಳಬಹುದು.

ಆನ್‌ಲೈನಿನಲ್ಲಿ ಒಬ್ಬ ಶಿಕ್ಷಕಿಯಿಂದ ಇದನ್ನೆಲ್ಲ ಕಲಿತೆ. ಮೂರು ತಿಂಗಳ ಚಾರ್ಟ್ ಮುಂದಿಟ್ಟುಕೊಂಡು ನೋಡಿದರೆ, ನನ್ನ ಚಕ್ರ ಮೂವತ್ತೆಂಟು, ನಲವತ್ತು ದಿನ. ಉಷ್ಣತೆ ಏರುತ್ತಿದ್ದದ್ದು ಇಪ್ಪತ್ತೈದು, ಇಪ್ಪತ್ತಾರನೇ ದಿನ. ಅಂದರೆ ಅಂಡೋತ್ಪತ್ತಿ ಆಗುತ್ತಿತ್ತು! ಇಪ್ಪತ್ತೊಂದನೇ ದಿನ ರಕ್ತ ಕೊಟ್ಟರೆ ಪ್ರೊಜೆಸ್ಟರಾನ್ ಎಲ್ಲಿಂದ ಬರಬೇಕು? ರೈಲು ಬರುವ ಮೊದಲೇ ಸ್ಟೇಷನ್ನಿಗೆ ಹೋಗಿ ರೈಲೇ ಇಲ್ಲ ಅಂದ ಹಾಗಾಯಿತು. ಆ ಪರೀಕ್ಷೆ ಮಾಡಬೇಕಾದದ್ದು ಮುಂದಿನ ಮುಟ್ಟಿಗೆ ಸುಮಾರು ಒಂದು ವಾರ ಮೊದಲು. ನಾನೇ ಲ್ಯಾಬಿಗೆ ಹೋಗಿ ಮೂವತ್ತೆರಡನೇ ದಿನ ಮಾಡಿಸಿದೆ. ಸರಿಯಾಗಿಯೇ ಬಂತು.

ಆ ದಿನದ ಸಂತೋಷ, ಸಿಟ್ಟು ಎರಡನ್ನೂ ನಾನು ಮರೆತಿಲ್ಲ. ನಾನು ಕೆಟ್ಟಿಲ್ಲ, ನಿಧಾನ ಇದ್ದೇನೆ ಅಷ್ಟೇ ಅನ್ನುವುದು ಎಷ್ಟು ದೊಡ್ಡ ಸಮಾಧಾನ ಅಂತ ಇಲ್ಲಿರುವ ಕೆಲವರಿಗೆ ಗೊತ್ತು.

ಆದರೆ ನನ್ನ ತಪ್ಪು ಶುರುವಾದದ್ದೂ ಅಲ್ಲಿಂದಲೇ. ಚಾರ್ಟ್ ನನಗೆ ಪೂಜೆ ಇದ್ದ ಹಾಗಾಯಿತು. ಬಣ್ಣದ ಪೆನ್ನು, ಎಕ್ಸೆಲ್ಲಿನಲ್ಲಿ ಗ್ರಾಫು, ಏಳುವ ಮೊದಲು ಉಷ್ಣತೆ. ತಿಂಗಳು ತಿಂಗಳೂ ಗ್ರಾಫ್ ಚೆಂದ ಬರುತ್ತಿತ್ತು, ಕೊನೆಗೆ ಉಷ್ಣತೆ ಇಳಿದು ಮುಟ್ಟು ಬರುತ್ತಿತ್ತು. ಶಿಕ್ಷಕಿ, "ದೇಹವನ್ನು ನಂಬು, ಇನ್ನಾರು ತಿಂಗಳು ನೋಡು" ಅಂದರು. ನೋಡಿದೆ. ಆಸ್ಪತ್ರೆಯ ಮೇಲಿನ ಸಿಟ್ಟಿಗೆ ಹತ್ತು ತಿಂಗಳು ಯಾವ ಡಾಕ್ಟರ ಮುಖವನ್ನೂ ನೋಡಲಿಲ್ಲ. ಧಾರವಾಡದಿಂದ ಅತ್ತೆಯ ಫೋನು ಭಾನುವಾರಕ್ಕೊಮ್ಮೆ, "ಏನವಾ, ಏನರ ವಿಶೇಷ ಐತೇನು?" ಅಂತ. ಬನಶಂಕರಿಗೆ ಹರಕೆ ಹೊತ್ತಾಯಿತು. ಸೋಮವಾರ ಉಪವಾಸ ಆಯಿತು. ಎಲ್ಲಾ ನನಗೇ.

ಕೊನೆಗೆ ಬೇರೊಬ್ಬ ಡಾಕ್ಟರ ಹತ್ತಿರ ಹೋದೆವು, ವಯಸ್ಸಾದ ಮೇಡಂ. ನನ್ನ ಫೈಲು ಬಿಚ್ಚಿ ಚಾರ್ಟ್‌ಗಳನ್ನು ಒಂದೊಂದಾಗಿ ನೋಡಿದರು. ಅದನ್ನು ನೋಡಿದ ಮೊದಲ ಡಾಕ್ಟರ್ ಅವರೇ. "ಚೆನ್ನಾಗಿ ಬರೆದಿದ್ದೀಯ, ನನಗೆ ಎರಡು ತಿಂಗಳ ಕೆಲಸ ಉಳಿಸಿದೆ" ಅಂದರು. ನಾನು ಹಿಗ್ಗಿದೆ. ಆಮೇಲೆ ಪುಟ ತಿರುವಿ ಕೇಳಿದರು: "ಇವರ ರಿಪೋರ್ಟ್ ಎಲ್ಲಿ?"

ಇರಲಿಲ್ಲ. ಮೂರು ವರ್ಷ ಆಗುತ್ತಾ ಬಂದಿತ್ತು. ಹಿಂದಿನ ಆಸ್ಪತ್ರೆಯಲ್ಲಿ ಕೇಳಿರಲಿಲ್ಲ. ಸಹಜ ವಿಧಾನದವರು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಷ್ಟು ಚೆಂದದ ನನ್ನ ಚಾರ್ಟಿನಲ್ಲಿ ಅವರಿಗೆ ಒಂದು ಕಾಲಂ ಕೂಡ ಇರಲಿಲ್ಲ. ಮಕ್ಕಳಾಗದಿರುವ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಒಮ್ಮೊಮ್ಮೆ ಅದೊಂದೇ, ಒಮ್ಮೊಮ್ಮೆ ಎರಡೂ ಸೇರಿ. ವೀರ್ಯ ಪರೀಕ್ಷೆಗೆ ನಾವು ಕೊಟ್ಟದ್ದು ಎಂಟುನೂರು ರೂಪಾಯಿ. ನನ್ನ ಐದು ತಿಂಗಳ ಮಾತ್ರೆಗೆ, ಪರೀಕ್ಷೆಗಳಿಗೆ ಆದ ಖರ್ಚು ಲೆಕ್ಕ ಹಾಕಿಲ್ಲ.

ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ: ಸಂಖ್ಯೆ ಕಡಿಮೆ ಇತ್ತು, ಚಲನೆಯೂ ಕಡಿಮೆ. ಒಂದು ಸಲದ ಪರೀಕ್ಷೆ ಸಾಲದು ಅಂತ ಮತ್ತೆ ಮಾಡಿಸಿದೆವು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಹಾಗಾಗಿ ಅಷ್ಟು ಕಾಯಬೇಕು. ಎರಡನೇ ಸಲವೂ ಅದೇ ಬಂತು. ಮನೆಗೆ ಬಂದು ಅವರೇ ಧಾರವಾಡಕ್ಕೆ ಫೋನ್ ಮಾಡಿದರು. ನಾನು ಅಡುಗೆಮನೆಯಲ್ಲಿದ್ದೆ, ಸ್ಪೀಕರ್ ಹಾಕಿದ್ದರು. ಮೊದಲಾಗಿದ್ದರೆ ಅತ್ತೆಯದು ಒಂದೇ ಮಾತು, "ನನ್ನ ಮಗಗ ಏನಾಗೇತಿ? ಗಟ್ಟಿಮುಟ್ಟ ಅದಾನ" ಅಂತ. ಆ ದಿನ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಅಯ್ಯೋ, ಇಷ್ಟ ದಿನ ಉಪಾಸ ಆಕಿ ಕಡೆ ಮಾಡಿಸಿದ್ವಲ್ಲೋ."

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮೂರು ಸಲ ಐಯುಐ ಮಾಡಿದರು, ನಿಲ್ಲಲಿಲ್ಲ. ಚಾರ್ಟ್ ಇದ್ದುದರಿಂದ ಸ್ಕ್ಯಾನ್ ಯಾವಾಗ ಶುರು ಮಾಡಬೇಕು ಅನ್ನುವುದು ಗೊತ್ತಿತ್ತು, ಸುಮ್ಮನೆ ಹನ್ನೊಂದನೇ ದಿನದಿಂದ ಓಡಾಡುವುದು ತಪ್ಪಿತು. ಆಮೇಲೆ ಐವಿಎಫ್, ಒಂದೊಂದು ಅಂಡಕ್ಕೆ ಒಂದೊಂದು ವೀರ್ಯಾಣುವನ್ನು ಚುಚ್ಚಿ ಸೇರಿಸುವ ಇಕ್ಸಿ ವಿಧಾನದಲ್ಲಿ. ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ನುಗಳನ್ನು ಆಫೀಸಿನ ಫ್ರಿಜ್ಜಿನಲ್ಲಿ ಟಿಫಿನ್ ಡಬ್ಬಿಯೊಳಗೆ ಇಡುತ್ತಿದ್ದೆ. ಕಂಪನಿಯ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಮೊದಲ ಭ್ರೂಣ ನಿಲ್ಲಲಿಲ್ಲ. ಎರಡನೆಯದು ನಿಂತಿತು. ಅಲ್ಲಿ ಹಿಂದಿನ ಸಾಲಿನಲ್ಲಿ ಅಜ್ಜಿಯ ತೊಡೆಯ ಮೇಲೆ ಚಕ್ಕುಲಿ ತಿನ್ನುತ್ತಾ ಗಲಾಟೆ ಮಾಡುತ್ತಿರುವವಳು ಅವಳೇ.

ನನ್ನ ಜೊತೆಯಲ್ಲೇ ಚಿಕಿತ್ಸೆ ತೆಗೆದುಕೊಂಡ ಗೆಳತಿಗೆ ನಾಲ್ಕು ಸಲವೂ ಆಗಲಿಲ್ಲ. ಅವಳು ನಿಲ್ಲಿಸಿದಳು. ಅವಳು ನನಗಿಂತ ಕಡಿಮೆ ಶಿಸ್ತಿನವಳಲ್ಲ, ಕಡಿಮೆ ನಂಬಿಕೆಯವಳೂ ಅಲ್ಲ. ಚೆನ್ನಾಗಿ ಚಾರ್ಟ್ ಬರೆದವರಿಗೆ, ದುಬಾರಿ ಆಸ್ಪತ್ರೆಗೆ ಹೋದವರಿಗೆ ಆಗೇ ಆಗುತ್ತದೆ ಅಂತ ನಾನು ಹೇಳಿದರೆ ಅವಳಿಗೆ ಮೋಸ ಮಾಡಿದ ಹಾಗೆ.

ಸಹಜವೋ, ಆಸ್ಪತ್ರೆಯೋ ಅಂತ ಕೇಳುವವರಿಗೆ ನಾನು ಲೂಯಿಸ್ ಬ್ರೌನ್ ಕಥೆ ಹೇಳುತ್ತೇನೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು. ತಾಯಿ ಲೆಸ್ಲಿಯ ಗರ್ಭನಾಳಗಳು ಮುಚ್ಚಿಹೋಗಿದ್ದವು. ಜಗತ್ತಿನ ಯಾವ ಚಾರ್ಟೂ ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ಆದರೆ ಆ ಸಲ ಅವಳಿಗೆ ಅಂಡ ಬೆಳೆಸುವ ಔಷಧಿಯನ್ನೂ ಕೊಟ್ಟಿರಲಿಲ್ಲ. ಅವಳ ಸಹಜ ಚಕ್ರವನ್ನೇ ಅನುಸರಿಸಿ, ಮತ್ತೆ ಮತ್ತೆ ಮೂತ್ರ ಪರೀಕ್ಷಿಸಿ, ಹಾರ್ಮೋನು ಏರಿದ ಗಳಿಗೆ ಹಿಡಿದು, ಒಂದೇ ಒಂದು ಅಂಡವನ್ನು ತೆಗೆದರು. ಆಸ್ಪತ್ರೆಯ ಅಷ್ಟು ದೊಡ್ಡ ಕೆಲಸ ನಡೆದದ್ದು ಮೈಯನ್ನು ಕಾದು ನೋಡುವುದರ ಮೇಲೆಯೇ.

ಮನೆಯಲ್ಲಿ ಹುಡುಗಿಯರಿದ್ದರೆ ಅವರಿಗೆ ಈಗಲೇ ಬರೆದಿಡಲು ಕಲಿಸಿ, ಮಗುವಿಗಾಗಿ ಅಲ್ಲ, ತಮ್ಮ ಮೈ ತಮಗೆ ಗೊತ್ತಿರಲಿ ಅಂತ. ಮಗು ಬೇಕು ಅನ್ನುವವರು ಮೂವತ್ತೈದರೊಳಗಿದ್ದರೆ ಒಂದು ವರ್ಷ, ದಾಟಿದ್ದರೆ ಆರೇ ತಿಂಗಳು ನೋಡಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ. ಮುಟ್ಟು ತೀರಾ ಏರುಪೇರಾಗಿದ್ದರೆ, ಮುಟ್ಟಿನ ನೋವಿಗೆ ರಜೆ ಹಾಕಿ ಮಲಗುವಷ್ಟಾದರೆ, ಹಿಂದೆ ಕ್ಷಯ ಆಗಿದ್ದರೆ ಅಷ್ಟೂ ಕಾಯಬೇಡಿ. ನಮ್ಮ ದೇಶದಲ್ಲಿ ಗರ್ಭನಾಳ ಮುಚ್ಚಿಹೋಗಲು ಕ್ಷಯ ಒಂದು ಮುಖ್ಯ ಕಾರಣ. ಐವಿಎಫ್‌ಗೆ ಹೋಗುವವರು ಕ್ಲಿನಿಕ್ 2021ರ ಕಾನೂನಿನ ಪ್ರಕಾರ ನೋಂದಣಿ ಆಗಿದೆಯೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ದುಡ್ಡು ನಮ್ಮದು, ಮೈಯೂ ನಮ್ಮದು.

ಖಾಲಿ ಚಾರ್ಟಿನ ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ, ಕನ್ನಡದಲ್ಲೇ ಮಾಡಿದ್ದೇನೆ. ಉಷ್ಣತೆಯ ಸಾಲು, ಲೋಳೆಯ ಸಾಲು ಇವೆ. ಎಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲಿ, 'ಗಂಡನ ಪರೀಕ್ಷೆ ಆದ ದಿನಾಂಕ' ಅಂತ ಒಂದು ಚೌಕ ಹಾಕಿದ್ದೇನೆ. ಹಿಂದೆ ನಿಂತಿರುವ ಗಂಡಸರೂ ಒಂದೊಂದು ತೆಗೆದುಕೊಂಡು ಹೋಗಬಹುದು. ಸಾಕಷ್ಟು ಪ್ರತಿಗಳಿವೆ.